ಸದ್ದು ಕಡಿಮೆ ಇರುವ ಲ್ಯಾಪ್‌ಟಾಪ್

ಕನ್ನಡಕದ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಕಣ್ಣು ಪರೀಕ್ಷೆ ಮಾಡುವವರು ಬೇರೆ, ಗಾಜು ಕತ್ತರಿಸುವವರು ಬೇರೆ. ತಯಾರಾದ ಕನ್ನಡಕವನ್ನು ಗಿರಾಕಿಯ ಮುಖದ ಮೇಲೆ ಸರಿಯಾಗಿ ಕೂರಿಸುವುದು ಅವಳ ಕೆಲಸ. ಕಿವಿಯ ಹಿಂದೆ ಹೋಗುವ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸುವುದು, ಮೂಗಿನ ಮೇಲೆ ಕೂರುವ ಪುಟ್ಟ ಮೆತ್ತೆಗಳನ್ನು ಕೂದಲೆಳೆಯಷ್ಟು ಅಗಲಿಸುವುದು, "ತಲೆ ಬಗ್ಗಿಸಿ ನೋಡೋಣ, ಜಾರ್ತಾ ಇದೆಯಾ?" ಎಂದು ಕೇಳುವುದು. ವಯಸ್ಸಿನ ಅರ್ಧ ಭಾಗ ಇದರಲ್ಲೇ ಕಳೆದಿದ್ದರಿಂದ ದಾರಿಯಲ್ಲಿ ಎದುರಾದವರ ಹೆಸರು ನೆನಪಾಗದಿದ್ದರೂ ಮೂಗು ನೆನಪಾಗುತ್ತಿತ್ತು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ನಂಗೆ ಸರಿಯಾಗಿ ಕೂರೋ ಮೂಗು ಸಿಗಲಿಲ್ಲ" ಎಂದು ನಕ್ಕು ಮಾತು ಮುಗಿಸುತ್ತಿದ್ದಳು.

ಮನೆಯಲ್ಲಿ ಅಮ್ಮ ಮತ್ತು ತಮ್ಮ. ತಮ್ಮ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ದೊಡ್ಡ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಪೆಟ್ಟಿಗೆಗಳ ರಾಶಿಯನ್ನು ಎರಡು ಕಬ್ಬಿಣದ ತೋಳುಗಳಲ್ಲಿ ಎತ್ತಿ, ಸಂದಿಯಲ್ಲಿ ಹಿಂದೆ ಮುಂದೆ ತಿರುಗಿಸಿ, ಮಾಳಿಗೆಯೆತ್ತರದ ಕಪಾಟಿನಲ್ಲಿ ಸದ್ದಿಲ್ಲದೆ ಇಡುವುದರಲ್ಲಿ ಅವನ ಕೈ ಪಳಗಿತ್ತು. ಆದರೆ ಅವನ ಆಸೆ ಇದ್ದದ್ದು ದೊಡ್ಡ ಲಾರಿಯ ಮೇಲೆ. ಗೋದಾಮಿನ ಬಾಗಿಲಿಗೆ ಬಂದು ನಿಲ್ಲುವ ಉದ್ದನೆಯ ಲಾರಿಗಳ ಚಾಲಕರನ್ನು ಕಂಡರೆ, ಅವರು ಯಾವುದೋ ಬೇರೆ ಲೋಕದಿಂದ ಬಂದವರೇನೋ ಎಂಬ ಹಾಗೆ ನೋಡುತ್ತಿದ್ದ.

ಕಾಯಿಲೆ ಬಂದದ್ದು ಬೀಗದ ಕೈಯಿಂದ. ಒಂದು ಸಂಜೆ ಮನೆಯ ಬಾಗಿಲ ಮುಂದೆ ನಿಂತವನಿಗೆ ಬೀಗ ತಿರುಗಿಸಲು ಆಗಲಿಲ್ಲ. ಬೀಗವೇ ಕೆಟ್ಟಿದೆ ಎಂದು ಎಣ್ಣೆ ಬಿಟ್ಟರು. ಆಮೇಲೆ ಅಂಗಿಯ ಗುಂಡಿ, ಆಮೇಲೆ ಬಾಟಲಿಯ ಮುಚ್ಚಳ. ಫೋರ್ಕ್‌ಲಿಫ್ಟಿನ ಸನ್ನೆ ಅವನ ಕೈಯಿಂದ ಜಾರಿ ಒಂದು ಸಾಲು ಪೆಟ್ಟಿಗೆ ನೆಲಕ್ಕೆ ಬಿದ್ದ ದಿನ ಗೋದಾಮಿನವರೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನರಗಳು ಒಂದೊಂದಾಗಿ ಸ್ನಾಯುಗಳ ಜೊತೆ ಮಾತು ಬಿಡುವ ಕಾಯಿಲೆ ಎಂದು ಡಾಕ್ಟರು ಬಿಡಿಸಿ ಹೇಳಿದರು. "ಕೈಯಿಂದ ಶುರುವಾಗಿದೆ. ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಹೇಳೋಕಾಗಲ್ಲ. ಹೋಗೋದಂತೂ ಹೋಗುತ್ತೆ," ಎಂದರು. ಅಮ್ಮ ಮಗನ ಕೈ ಹಿಡಿದುಕೊಂಡು, ಆ ಕಾಯಿಲೆಯನ್ನು ಅಲ್ಲೇ ತಡೆದು ನಿಲ್ಲಿಸುವವಳಂತೆ ಮಣಿಕಟ್ಟನ್ನು ಒತ್ತುತ್ತಲೇ ಕೂತಿದ್ದಳು.

ಅದು ಕೈಯಿಂದ ಕಾಲಿಗೆ ಹೋಯಿತು, ಕಾಲಿನಿಂದ ಬೆನ್ನಿಗೆ, ಬೆನ್ನಿನಿಂದ ಉಸಿರಿಗೆ. ಮಲಗಿದರೆ ಎದೆಗೆ ಗಾಳಿ ಎಳೆದುಕೊಳ್ಳುವ ಬಲ ಸಾಲದಾದಾಗ ಮನೆಗೆ ಉಸಿರಿನ ಯಂತ್ರ ಬಂತು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ಸುಕ್ಕುಸುಕ್ಕು ಪೈಪು, ಪೈಪಿನ ತುದಿಯಲ್ಲಿ ಮೂಗಿಗೆ ಕೂರುವ ಮಾಸ್ಕು. ಮಾಸ್ಕು ಸಡಿಲವಾದರೆ, ಪೈಪು ಕಳಚಿದರೆ ಪೆಟ್ಟಿಗೆ ಕೀ ಕೀ ಎಂದು ಕೂಗುತ್ತಿತ್ತು. ಆಸ್ಪತ್ರೆಯವರು ಕೊಟ್ಟ ಮಾಸ್ಕು ಮೊದಲು ಅವನ ಮೂಗಿನ ಏಣಿನ ಮೇಲೆ ಗಾಯ ಮಾಡಿತು. ಮೂಗಿನಕ್ಕ ಅಂಗಡಿಯಿಂದ ಮೆತ್ತನೆಯ ಸಿಲಿಕಾನ್ ತುಂಡುಗಳನ್ನು ತಂದು ಅಂಚಿಗೆ ಕೂರಿಸಿದಳು. "ತಲೆ ಅಲ್ಲಾಡಿಸು ನೋಡೋಣ, ಜಾರ್ತಾ ಇದೆಯಾ?" ಎಂದು ಕೇಳಿ, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ತಮ್ಮ ಮಾತ್ರ ನಕ್ಕ. "ಬಿಲ್ ಎಷ್ಟು ಮೇಡಂ?" ಎಂದ.

ಅವನಿಗೆ ಉಳಿದಿದ್ದ ಒಂದೇ ಸುಖ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ. ಸರಕು ತುಂಬಿಕೊಂಡು ಊರಿಂದೂರಿಗೆ ಹೋಗುವುದು, ಅಷ್ಟೇ. ಹೊಡೆದಾಟವಿಲ್ಲ, ಬಡಿದಾಟವಿಲ್ಲ. ಒಬ್ಬನೇ ಹೋಗುವುದೂ ಅಲ್ಲ. ಬೇರೆ ಬೇರೆ ಊರುಗಳಿಂದ ಇನ್ನೂ ಮೂವರು ಅದೇ ರಸ್ತೆಗೆ ಬಂದು ಸೇರುತ್ತಿದ್ದರು. ನಾಲ್ಕು ಲಾರಿಗಳು ಸಾಲಾಗಿ ಹೊರಟರೆ ಮುಂದಿನದು ಯಾವತ್ತೂ ಇವನದೇ. ಅವರು ಇವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಅವರಲ್ಲಿ ಒಬ್ಬನಿಗೆ ಗೂಬೆ ಎಂಬ ಹೆಸರು. ರಾತ್ರಿ ಪಾಳಿಯ ಕೆಲಸ ಮುಗಿಸಿ ಬಂದು ಹಗಲು ಮಲಗುವ ಬದಲು ಆಡುತ್ತಿದ್ದುದರಿಂದ ಹಾಗೆ. ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ಕ್ಯಾಪ್ಟನ್ ಇನ್ನೂ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದಾನೆ ಎಂದೇ ಅವರು ತಿಳಿದಿದ್ದರು.

ಹಾಲ್‌ನ ಮೂಲೆಯ ಕಂಪ್ಯೂಟರ್ ಮೇಜಿನ ಮುಂದೆ ಕುರ್ಚಿಯಲ್ಲಿ ಕೂರಲು ಆಗದೆ ಹೋದ ದಿನ ತಮ್ಮ ಗೋಡೆ ನೋಡುತ್ತಾ ಹೇಳಿದ, "ಅಕ್ಕ, ಒಂದು ಲ್ಯಾಪ್‌ಟಾಪ್ ಬೇಕು. ಗೇಮಿಂಗ್ ಲ್ಯಾಪ್‌ಟಾಪ್. ಮಾಮೂಲಿದು ಈ ಆಟಾನ ಎಳೆಯಲ್ಲ. ಹಾಸಿಗೆ ಮೇಲೆ ಮೇಜು ಇಟ್ಟುಕೊಂಡು ಆಡ್ತೀನಿ."

"ಎಂಥದ್ದು ಬೇಕು ಹೇಳು."

"ದೊಡ್ಡ ಪರದೆ ಇರಬೇಕು. ಬೆಟ್ಟ ಬೆಟ್ಟದ ಥರ ಕಾಣಬೇಕು. ಕೀಗಳು ಮೆತ್ತಗಿರಬೇಕು." ಸ್ವಲ್ಪ ತಡೆದು, "ಬೇಗ ತಗೊಂಡು ಬಾ," ಎಂದ. ಆ ಬೇಗ ಎಂಬ ಮಾತನ್ನು ಅಕ್ಕ ಕೇಳಿಸಿಕೊಂಡಳು, ಕೇಳಿಸದವಳಂತೆ ಎದ್ದು ಹೋದಳು. ಎಡಗೈಯಲ್ಲಿ ಅವನ ಎರಡು ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿದ್ದವು. ಬಲಗೈ ಇನ್ನೂ ಸುಮಾರಾಗಿತ್ತು.

ಕಂಪ್ಯೂಟರ್ ಅಂಗಡಿ ಅವಳ ಅಂಗಡಿಯ ಬೀದಿಯಲ್ಲೇ ಇತ್ತು. ಒಳಗೆ ಹೋದರೆ ಜಾತ್ರೆಯ ಗದ್ದಲ. ಒಂದು ಗೋಡೆಯ ತುಂಬ ಟಿವಿಗಳು ಹಾಡುತ್ತಿದ್ದವು, ಇನ್ನೊಂದು ಕಡೆ ಯಾರೋ ಸ್ಪೀಕರ್ ಪರೀಕ್ಷೆ ಮಾಡುತ್ತಿದ್ದರು. ಗೇಮಿಂಗ್ ಲ್ಯಾಪ್‌ಟಾಪ್‌ಗಳ ಮೇಜಿನ ಹತ್ತಿರ ಗಡ್ಡದ ಮಾರಾಟಗಾರನೊಬ್ಬ ನಿಂತಿದ್ದ. ಕೀಗಳ ಕೆಳಗಿನಿಂದ ಕೆಂಪು, ಹಸಿರು ಬೆಳಕು ಹೊಮ್ಮಿ ಅವನ ಗಡ್ಡಕ್ಕೆ ಬಣ್ಣ ಬಳಿಯುತ್ತಿತ್ತು.

"ಯಾರಿಗೆ ಮೇಡಂ, ಮಗನಿಗಾ?"

"ತಮ್ಮನಿಗೆ. ಲಾರಿ ಓಡಿಸೋ ಆಟ."

ಅವನು ಖುಷಿಯಾಗಿ ಬಿಡಿಸಿ ಹೇಳಿದ. ಗ್ರಾಫಿಕ್ಸ್ ಕಾರ್ಡು ಅಂದರೆ ಲಾರಿಯ ಎಂಜಿನ್ ಇದ್ದ ಹಾಗೆ. ಅದು ಗಟ್ಟಿಯಾಗಿದ್ದರೆ ಬೆಟ್ಟ, ಮರ, ಮಳೆಹನಿ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಪರದೆ ಬೇಗ ಬೇಗ ಬದಲಾಗುವಂಥದಾದರೆ ಓಟ ನುಣುಪಾಗಿರುತ್ತದೆ. ರ್‍ಯಾಮ್ ಕಡಿಮೆಯಾದರೆ ನಡುದಾರಿಯಲ್ಲಿ ತಡವರಿಸುತ್ತದೆ. ಪರದೆಯ ವಿಷಯ ಅವಳಿಗೆ ಅವನು ಹೇಳಬೇಕಾಗಿರಲಿಲ್ಲ. ಗಾಜಿನ ಹೊಳಪು, ಓರೆಯಾಗಿ ನೋಡಿದರೆ ಬಣ್ಣ ಕೆಡುವುದು, ಮಲಗಿಕೊಂಡು ನೋಡುವವನ ಕಣ್ಣಿಗೆ ದೀಪ ಚುಚ್ಚುವುದು, ಇದನ್ನೆಲ್ಲ ಬಗ್ಗಿ ಎದ್ದು ನೋಡಿದಳು. ಆಮೇಲೆ ಒಂದೊಂದು ಲ್ಯಾಪ್‌ಟಾಪಿನ ಮೇಲೂ ಎಡಗೈಯನ್ನು ಸೋತವರ ಕೈಯಂತೆ ಇಳಿಬಿಟ್ಟು ಕಿರುಬೆರಳಿನಿಂದ ಕೀ ಒತ್ತಿದಳು.

"ಏನು ಮಾಡ್ತಿದ್ದೀರಿ ಮೇಡಂ?"

"ಬಲ ಇಲ್ಲದ ಬೆರಳಿಗೆ ಯಾವುದು ಸುಲಭ ಅಂತ ನೋಡ್ತಿದೀನಿ."

ಕಡೆಗೆ ಉಳಿದದ್ದು ಎರಡು. ಒಂದು ಚಿಕ್ಕ ಪರದೆಯದು; ಇನ್ನೊಂದು ಅಗಲ ಪರದೆಯದು, ಇಡೀ ಮೇಜಿನಲ್ಲೇ ಬಲಶಾಲಿ. "ಇದು ರಾಕ್ಷಸ. ಆಟ ಶುರುವಾದರೆ ಫ್ಯಾನ್ ಸ್ವಲ್ಪ ಜೋರಾಗುತ್ತೆ. ಒಳ್ಳೇದೇ ಅದು, ಬಿಸಿ ಹೊರಗೆ ಹೋಗ್ಬೇಕಲ್ಲ. ಹೆಡ್‌ಫೋನ್ ಹಾಕಿಕೊಂಡರೆ ಗೊತ್ತೇ ಆಗಲ್ಲ," ಎಂದ ಅವನು. ಫ್ಯಾನಿನ ಸದ್ದು ಅವಳಿಗೆ ಕೇಳಿಸಲಿಲ್ಲ. ಆ ಗದ್ದಲದಲ್ಲಿ ತನ್ನ ಫೋನು ಕೂಗಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಪರದೆಯ ಮೇಲೆ ಬೆಟ್ಟ ಬೆಟ್ಟದಂತೆಯೇ ಕಾಣುತ್ತಿತ್ತು. ಅವಳು ರಾಕ್ಷಸನನ್ನೇ ಕಟ್ಟಿಸಿಕೊಂಡು ಬಂದಳು.

ತಮ್ಮನ ಮುಖದಲ್ಲಿ ಅಂಥ ಬೆಳಕು ನೋಡಿ ಬಹಳ ಕಾಲವಾಗಿತ್ತು. ಅಮ್ಮ ಹಾಸಿಗೆಯ ತುದಿಯಲ್ಲಿ ಕೂತು, ಹಿಮದ ಬೆಟ್ಟದ ಕೆಳಗೆ ಲಾರಿ ಸುತ್ತಿ ಸುತ್ತಿ ಇಳಿಯುವುದನ್ನು ನೋಡಿ, "ಅಯ್ಯೋ, ನಿಧಾನ ಹೋಗೋ, ತಲೆ ಸುತ್ತುತ್ತೆ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಡ್‌ಫೋನಿನ ಮೈಕು ಅವನ ತುಟಿಯ ಹತ್ತಿರವೇ ಇದ್ದುದರಿಂದ ಉಸಿರಿನ ಯಂತ್ರದ ಸುಯ್ಯೆನ್ನುವ ಸದ್ದು ಅತ್ತ ಕಡೆಯವರಿಗೂ ಕೇಳಿಸುತ್ತಿತ್ತು. ಮೊದಲ ದಿನವೇ ಗೂಬೆ ಕೇಳಿದ್ದ, ಅದೇನೋ ಸುಯ್ ಅಂತಿದೆಯಲ್ಲ ಕ್ಯಾಪ್ಟನ್ ಎಂದು. "ನನ್ನ ಲಾರಿದು ಏರ್ ಬ್ರೇಕು," ಎಂದ ತಮ್ಮ. ಮೂವರೂ ನಕ್ಕರು. ಅಂದಿನಿಂದ ಅದು ಏರ್ ಬ್ರೇಕೇ ಆಯಿತು. ಇನ್ನೊಮ್ಮೆ ಮಾಸ್ಕು ಜಾರಿ ಪೆಟ್ಟಿಗೆ ಕೀ ಕೀ ಎಂದಾಗ, "ಏನದು, ಆಸ್ಪತ್ರೇಲಿದ್ದೀಯಾ?" ಎಂದು ಒಬ್ಬ ಕೇಳಿದ. ಅಡುಗೆಮನೆಯ ಓವನ್ ಎಂದು ಹೇಳಿ ತಮ್ಮ ಮಾತು ತೇಲಿಸಿದ. ಆ ದಿನ ಅವನು ಬೇಗ ಆಟ ನಿಲ್ಲಿಸಿದ.

ರಾಕ್ಷಸನ ನಿಜವಾದ ದನಿ ಮನೆಯಲ್ಲಿ ತಿಳಿಯಿತು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಫ್ಯಾನು ಏರುತ್ತಿತ್ತು, ಏರಿದ್ದು ಇಳಿಯುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಡ್ರೈಯರ್ ಹಿಡಿದು ಕೂದಲು ಒಣಗಿಸಿಕೊಳ್ಳುತ್ತಾ ನಿಲ್ಲಿಸುವುದನ್ನೇ ಮರೆತ ಹಾಗೆ. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಹಾಲಿನವರೆಗೂ ಬರುತ್ತಿತ್ತು. ಅಮ್ಮನಿಗೆ ತಲೆನೋವು. ಕೋಣೆಯ ಬಾಗಿಲು ಮುಚ್ಚುವುದು ರೂಢಿಯಾಯಿತು.

ಮುಚ್ಚಿದ ಬಾಗಿಲಿನ ಮುಂದೆ ಹಾದುಹೋಗುವಾಗಲೆಲ್ಲ ಮೂಗಿನಕ್ಕನ ಕಾಲು ತಾನಾಗಿ ನಿಲ್ಲತೊಡಗಿತು. ಒಳಗಿರುವ ಎರಡೂ ಗಾಳಿ ಊದುವ ಯಂತ್ರಗಳೇ. ಕಿವಿಗೊಟ್ಟರೆ ಯಾವುದು ಲ್ಯಾಪ್‌ಟಾಪಿನದು, ಯಾವುದು ತಮ್ಮನದು ಎಂದು ತಿಳಿಯುತ್ತಿರಲಿಲ್ಲ. ಕೈಯಲ್ಲಿ ಲೋಟ ಹಿಡಿದು ನಿಂತೇ ಇರುವಳು. ಆಮೇಲೆ ತಡೆಯಲಾರದೆ ಬಾಗಿಲು ತೆರೆದು ಇಣುಕುವಳು. ಅವನು ಆರಾಮಾಗಿ ಲಾರಿ ಓಡಿಸುತ್ತಿರುವನು. ಒಂದು ದಿನ ಹೀಗೆ ಮೂರನೆಯ ಸಲ ಇಣುಕಿದಾಗ ತಮ್ಮ ರೇಗಿದ.

"ಏನಕ್ಕ, ಹೆಣ ನೋಡೋಕೆ ಬಂದೋರ ಥರ ಇಣುಕ್ತೀಯ."

ಆ ಮಾತು ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಣುಕುವುದನ್ನು ಬಿಟ್ಟಳು. ನಿಲ್ಲುವುದನ್ನು ಮಾತ್ರ ಬಿಡಲಾಗಲಿಲ್ಲ.

ಅಂಗಡಿಗೆ ರಜೆ ಇದ್ದ ಒಂದು ಮಧ್ಯಾಹ್ನ. ಹೊರಗೆ ಗಾಳಿ ಎದ್ದಿತ್ತೆಂದು ಅಮ್ಮ ಒಣಹಾಕಿದ ಬಟ್ಟೆ ತರಲು ಟೆರೇಸಿಗೆ ಹೋಗಿದ್ದಳು. ಮೂಗಿನಕ್ಕ ಅಡುಗೆಮನೆಯಲ್ಲಿ ತಮ್ಮನ ಊಟಕ್ಕೆಂದು ಬೇಯಿಸಿದ ತರಕಾರಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡುತ್ತಿದ್ದಳು. ಗಟ್ಟಿಯಾದುದನ್ನು ನುಂಗುವುದು ಅವನಿಗೆ ಕಷ್ಟವಾಗುತ್ತಿತ್ತು. ಮಿಕ್ಸಿ ನಿಲ್ಲಿಸಿದಾಗ ಫ್ರಿಜ್ಜಿನ ಮೇಲೆ ತಮ್ಮನ ಫೋನು ಹೊಡೆದುಕೊಳ್ಳುತ್ತಿತ್ತು. ಅವನು ಫೋನ್ ಹಿಡಿಯುವುದನ್ನು ಬಿಟ್ಟ ಮೇಲೆ ಅದು ಅಲ್ಲೇ ಬಿದ್ದಿರುತ್ತಿತ್ತು, ಅದಕ್ಕೆ ಯಾರೂ ಫೋನ್ ಮಾಡುತ್ತಿರಲಿಲ್ಲ. ಪರದೆಯ ಮೇಲೆ ಗೂಬೆ ಎಂದಿತ್ತು.

"ಹಲೋ, ಕ್ಯಾಪ್ಟನ್ ಮನೆನಾ?" ಗಂಡು ದನಿ, ಗಾಬರಿಯಾಗಿತ್ತು. "ನೀವ್ಯಾರು?"

"ಅವನ ಅಕ್ಕ."

"ಅಕ್ಕ, ಅವನ ಲಾರಿ ರಸ್ತೆ ಬಿಟ್ಟು ಹಳ್ಳಕ್ಕೆ ಹೋಗಿ ಬಿದ್ದಿದೆ. ಕೂಗಿದ್ರೆ ಮಾತಾಡ್ತಿಲ್ಲ. ಅವನ ಕಡೆಯಿಂದ ಆ ಏರ್ ಬ್ರೇಕ್ ಸದ್ದು ಬರ್ತಿರುತ್ತಲ್ಲ, ಬಿಟ್ಟು ಬಿಟ್ಟು ಬರೋದು, ಈಗ ನಿಲ್ತಾನೇ ಇಲ್ಲ. ಒಂದೇ ಸಮ ಸುಯ್ ಅಂತಿದೆ. ಒಂಚೂರು ನೋಡ್ತೀರಾ..."

ಅವನ ಮಾತು ಮುಗಿಯುವ ಮೊದಲೇ ಅವಳು ಬಾಗಿಲು ನೂಕಿದ್ದಳು.

ಪೈಪು ಮಾಸ್ಕಿನಿಂದ ಕಳಚಿ ದಿಂಬಿನ ಮೇಲೆ ಬಿದ್ದಿತ್ತು, ದಿಂಬಿನ ಬಟ್ಟೆಗೆ ಗಾಳಿ ಊದುತ್ತಿತ್ತು. ತಮ್ಮನ ತುಟಿ ನೇರಳೆಯಾಗಿತ್ತು. ಅರೆಗಣ್ಣು ತೆರೆದಿತ್ತು, ನೋಟವಿರಲಿಲ್ಲ. ಪರದೆಯ ಮೇಲೆ ಲಾರಿ ಮಗ್ಗುಲಾಗಿ ಬಿದ್ದು ಚಕ್ರಗಳು ಸುಮ್ಮನೆ ತಿರುಗುತ್ತಿದ್ದವು. ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಕಣ್ಣು ಮುಚ್ಚಿ ಕೂರಿಸುತ್ತಿದ್ದ ಕೈಗಳಿಗೆ ಹೆಬ್ಬೆರಳು ಗಾತ್ರದ ಪೈಪನ್ನು ಮಾಸ್ಕಿನ ಮೂತಿಗೆ ಸೇರಿಸಲು ಆಗಲಿಲ್ಲ. ಒಮ್ಮೆ ತಪ್ಪಿತು, ಮತ್ತೆ ತಪ್ಪಿತು. ಆಮೇಲೆ ಟಕ್ಕೆಂದು ಕೂತಿತು. ಅವನ ಎದೆ ಏಳಲಿಲ್ಲ. ಅವಳು ಅವನ ಗಲ್ಲ ಎತ್ತಿ ಹಿಡಿದಳು, ಬಾಯಿ ಮುಚ್ಚಿದಳು, ಹೆಸರು ಹಿಡಿದು ಕೂಗಿದಳು. ಯಂತ್ರ ಇನ್ನೊಮ್ಮೆ ಊದಿತು. ಎದೆ ಎದ್ದಿತು.

ಹಾಸಿಗೆಯ ಮೇಲೆ ಜಾರಿಬಿದ್ದ ಹೆಡ್‌ಫೋನಿನಿಂದ ಇರುವೆಯಷ್ಟು ಸಣ್ಣ ದನಿಗಳು, "ಕ್ಯಾಪ್ಟನ್? ಕ್ಯಾಪ್ಟನ್?" ಎನ್ನುತ್ತಿದ್ದವು. ಅವಳು ಲ್ಯಾಪ್‌ಟಾಪನ್ನು ರಪ್ಪೆಂದು ಮುಚ್ಚಿದಳು. ಫ್ಯಾನು ಇಳಿದು ಇಳಿದು ನಿಂತಿತು. ಆಗ ಅವಳಿಗೆ ಕೇಳಿಸಿತು: ಯಂತ್ರದ ಪೆಟ್ಟಿಗೆಯೊಳಗಿಂದ ಕೀ ಕೀ ಕೀ ಎಂದು, ಸೊಳ್ಳೆಯಷ್ಟು ತೆಳ್ಳಗೆ, ಕಡೆಯ ನಾಲ್ಕಾರು ಕೂಗು. ಪೈಪು ಕೂತಿದ್ದನ್ನು ಅರಿತು ಅದೂ ಸುಮ್ಮನಾಯಿತು. ಅಷ್ಟು ಹೊತ್ತೂ ಅದು ಕರೆಯುತ್ತಲೇ ಇತ್ತು.

ಮರುದಿನ ಯಂತ್ರ ನೋಡಲು ಬಂದ ನರ್ಸು ಗುಂಡಿಗಳನ್ನು ಒತ್ತಿ ನೋಡಿ ಹುಬ್ಬು ಗಂಟಿಕ್ಕಿದಳು. "ಅಲಾರಾಂ ಸದ್ದನ್ನ ಯಾರೋ ಪೂರ್ತಿ ಕೆಳಗೆ ಇಳಿಸಿದ್ದಾರೆ. ಯಾರು ಮಾಡಿದ್ದು ಇದನ್ನ?"

ಮೂಗಿನಕ್ಕ ಅಲ್ಲವೆಂದು ತಲೆಯಾಡಿಸಿದಳು. ತಮ್ಮನಿಗೆ ಆ ಪೆಟ್ಟಿಗೆಯವರೆಗೆ ಕೈ ಎಟುಕುವುದೇ ಇಲ್ಲ. ಅಮ್ಮ ಬಾಗಿಲ ಹತ್ತಿರ ನಿಂತು ಮಡಿಸಿದ ಟವೆಲನ್ನೇ ಮತ್ತೆ ಮಡಿಸುತ್ತಿದ್ದಳು.

"ನಾನೇ," ಎಂದಳು. "ಅವನೇ ಕೇಳಿದ. ಜೊತೆಯವರಿಗೆ ಕೇಳಿಸುತ್ತೆ, ನಾಚಿಕೆ ಆಗುತ್ತೆ ಅಮ್ಮ ಅಂದ. ಗುಂಡಿ ತೋರಿಸಿದ. ಒತ್ತಿದೆ ಅಷ್ಟೇ. ಇಷ್ಟು ದೊಡ್ಡವನಾಗಿ ಅವನು ನನ್ನ ಏನಾದರೂ ಕೇಳಿದ್ದೇ ಅಪರೂಪ..."

ಮೂಗಿನಕ್ಕ ಅಮ್ಮನ ಕೈಯಿಂದ ಆ ಟವೆಲನ್ನು ತೆಗೆದುಕೊಂಡಳು. ನರ್ಸು ಸದ್ದನ್ನು ಮೇಲಕ್ಕೆ ಏರಿಸಿ, ಇನ್ನು ಯಾರೂ ಮುಟ್ಟಬಾರದೆಂದು ಹೇಳಿ ಹೋದಳು. ಅಕ್ಕ ತಮ್ಮನ ಪಕ್ಕ ಕೂತಳು.

"ಸತ್ತೇ ಹೋಗ್ತಿದ್ದೆ ನೀನು."

"ಗೊತ್ತು."

"ಅವರಿಗೆ ಗೊತ್ತಾದರೆ ಏನಾಗುತ್ತಿತ್ತು?"

ಅವನು ಉಸಿರು ಕೂಡಿಸಿಕೊಂಡು ಮಾತನಾಡಬೇಕಾಗಿತ್ತು. "ಅಕ್ಕ, ನಾನು ಕಾಯಿಲೆಯವನು ಅಂತ ಗೊತ್ತಿಲ್ಲದೋರು ಅಂತ ಪ್ರಪಂಚದಲ್ಲಿ ಉಳಿದಿರೋದು ಅವರು ಮೂವರೇ. ಬಾಕಿಯೋರೆಲ್ಲ ನನ್ನ ಜೊತೆ ಮಾತಾಡೋವಾಗ ದನಿ ಇಳಿಸ್ತಾರೆ. ಅವರು ಬೈತಾರೆ. ಓವರ್‌ಟೇಕ್ ಮಾಡಿದ್ರೆ ಕೆಟ್ಟಕೆಟ್ಟದಾಗಿ ಬೈತಾರೆ." ಮತ್ತೆ ಸ್ವಲ್ಪ ತಡೆದು, "ಗೂಬೆಗೆ ಏನಂತ ಹೇಳಿದೆ?" ಎಂದ.

"ಅದು ಏರ್ ಬ್ರೇಕಲ್ಲ, ಉಸಿರಿನ ಮಶೀನು ಅಂದೆ. ಬದುಕಿದ್ದಾನೆ ಅಂದೆ."

ತಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಕುತ್ತಿಗೆ ಅವನ ಮಾತು ಇನ್ನೂ ಕೇಳುತ್ತಿತ್ತು.

"ಇದನ್ನ ವಾಪಸ್ ಕೊಟ್ಟು ಬೇರೆ ತರ್ತೀನಿ. ಸದ್ದು ಮಾಡದಿರೋದು."

"ಸದ್ದು ಮಾಡದಿರೋದರಲ್ಲಿ ಬಲ ಇರಲ್ಲ. ಬೆಟ್ಟ ಕಾಣಲ್ಲ."

"ನಂಗೆ ನೀನು ಕಾಣಬೇಕು," ಎಂದಳು ಅಕ್ಕ. ಅವಳ ದನಿ ಇಳಿದಿರಲಿಲ್ಲ; ಎರಡು ಮನೆಗೆ ಕೇಳಿಸುವಷ್ಟು ಜೋರಾಗಿತ್ತು. ಅದಕ್ಕೇ ಇರಬೇಕು, ಅವನು ವಾದ ಮಾಡಲಿಲ್ಲ.

ಈ ಸಲ ಅವಳು ಕಂಪ್ಯೂಟರ್ ಅಂಗಡಿಗೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋದಳು, ಟಿವಿಗಳು ಬಾಯಿ ತೆರೆಯುವ ಮೊದಲು. ರಾಕ್ಷಸನನ್ನು ಮೇಜಿನ ಮೇಲಿಟ್ಟಳು. ಗಡ್ಡದವನು ಕೆಟ್ಟಿದೆಯಾ ಎಂದು ಕೇಳಿದ. ಕೆಟ್ಟಿಲ್ಲ, ಸದ್ದು ಜಾಸ್ತಿ ಎಂದಳು. ಅವನು ಅದೇ ಹೆಡ್‌ಫೋನಿನ ಮಾತು ತೆಗೆದ. ಅವಳು ಮಾತನಾಡದೆ ತನ್ನ ಫೋನು ತೆಗೆದು ಒಂದು ಗುಂಡಿ ಒತ್ತಿದಳು.

ಕೀ ಕೀ ಕೀ. ಕೀ ಕೀ ಕೀ. ಮನೆಯಲ್ಲಿ ಯಂತ್ರದ ಪೈಪು ಕಳಚಿ, ಪೂರ್ತಿ ಸದ್ದಿನಲ್ಲಿ ಅವಳು ರೆಕಾರ್ಡ್ ಮಾಡಿಕೊಂಡು ಬಂದದ್ದು. ಖಾಲಿ ಅಂಗಡಿಯಲ್ಲಿ ಅದು ಮೂಲೆಮೂಲೆಗೆ ಬಡಿಯಿತು. ದೂರದಲ್ಲಿ ಟಿವಿಯ ಧೂಳು ಒರೆಸುತ್ತಿದ್ದವನು ಕತ್ತೆತ್ತಿ, "ಯಾವ ಗೇಮಿಂದು ಇದು?" ಎಂದು ಕೇಳಿದ.

"ಗೇಮಿಂದಲ್ಲ," ಎಂದಳು ಅವಳು. ಆಮೇಲೆ ಗಡ್ಡದವನಿಗೆ ಹೇಳಿದಳು. "ನನ್ನ ತಮ್ಮನ ಉಸಿರು ನಿಂತಾಗ ಈ ಸದ್ದು ಬರುತ್ತೆ. ನಾನು ಅಡುಗೆಮನೇಲಿರ್ತೀನಿ. ಬಾಗಿಲು ಅರ್ಧ ಮುಚ್ಚಿರುತ್ತೆ. ಆಟ ಜೋರಾಗಿ ನಡೀತಿದ್ದಾಗ ಇದು ನಂಗೆ ಕೇಳಿಸಬೇಕು. ಅಂಥದ್ದು ಯಾವುದಿದೆ ಕೊಡಿ."

ಗಡ್ಡದವನ ಬಾಯಿಂದ ಆಮೇಲೆ ಎಂಜಿನ್, ರಾಕ್ಷಸ ಎಂಬ ಮಾತು ಬರಲಿಲ್ಲ. ಹಿಂದುಗಡೆಯ ಸರಕಿನ ಕೋಣೆಗೆ ಒಂದೊಂದೇ ಲ್ಯಾಪ್‌ಟಾಪನ್ನು ಒಯ್ದು, ಭಾರದ ಆಟವೊಂದನ್ನು ಹಾಕಿ, ಫ್ಯಾನು ಏರುವವರೆಗೆ ಕಾದು, ಪಕ್ಕದಲ್ಲಿ ಅವಳ ಫೋನಿಟ್ಟು ಬಾಗಿಲು ಅರ್ಧ ಮುಚ್ಚಿ ಬರುತ್ತಿದ್ದ. ಅವಳು ಬಿಲ್ ಕೌಂಟರಿನ ಹತ್ತಿರ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಕೇಳಿಸಿದರೆ ಕೈ ಎತ್ತಬೇಕು. ಮೊದಲನೆಯದಕ್ಕೆ ಅವಳು ಕೈ ಎತ್ತಲಿಲ್ಲ. ಎರಡನೆಯದಕ್ಕೆ ಎತ್ತಿ, ಅನುಮಾನವಾಗಿ ಇಳಿಸಿದಳು. ಕೈ ಇಳಿದೇ ಇದ್ದ ಪ್ರತಿ ಸಲವೂ ಹಾಸಿಗೆಯಲ್ಲಿ ಏನಾಗುತ್ತಿರುತ್ತದೆ ಎಂಬುದು ಅವಳ ಕಣ್ಣಮುಂದೆ ಬರುತ್ತಿತ್ತು. ಅಂಗಡಿಯ ಏಸಿಯಲ್ಲೂ ಅವಳ ಕುತ್ತಿಗೆ ಬೆವರಿತು.

ಕಡೆಗೆ ಅವನು ಮೂಲೆಯಿಂದ ಬೂದುಬಣ್ಣದ, ಬೆಳಕು ಗಿಳಕು ಏನೂ ಇಲ್ಲದ, ದಪ್ಪ ಮೈಯ ಒಂದನ್ನು ತಂದ. "ಇದನ್ನ ಯಾರೂ ಕೇಳಲ್ಲ ಮೇಡಂ. ಶಕ್ತಿ ಕಡಿಮೆ. ಆದರೆ ಫ್ಯಾನ್ ನಿಧಾನ. ಸೆಟ್ಟಿಂಗ್‌ನಲ್ಲಿ ಫ್ಯಾನ್‌ನ ಇನ್ನೂ ಸ್ವಲ್ಪ ಕಟ್ಟಿಹಾಕಿ ಕೊಡ್ತೀನಿ, ಎಷ್ಟು ಆಡಿದ್ರೂ ಇದರ ಮೇಲೆ ಏರದ ಹಾಗೆ. ದೂರದ್ದೆಲ್ಲ ಮಸುಕಾಗುತ್ತೆ ಅಷ್ಟೇ." ಕೋಣೆಯೊಳಗಿಟ್ಟು ಬಂದ. ಕೀ ಕೀ ಕೀ ಎಂಬುದು ನೇರ ಬಂದು ಅವಳ ಬೆನ್ನಿಗೆ ಚುಚ್ಚಿತು. ಅವಳು ಎರಡೂ ಕೈ ಎತ್ತಿದಳು. ಕೀಗಳನ್ನು ಕಿರುಬೆರಳಿನಿಂದ ಒತ್ತಿ ನೋಡಿದಳು, ರಾಕ್ಷಸನ ಕೀಗಳಷ್ಟು ಮೆತ್ತಗಿರಲಿಲ್ಲ. ಎರಡೂ ಇರುವಂಥದು ಆ ಅಂಗಡಿಯಲ್ಲಿರಲಿಲ್ಲ. ಎಡಗೈಯ ಆ ಎರಡು ಬೆರಳು ಇನ್ನೆಷ್ಟು ದಿನ ಎಂದು ಅವಳು ಒಂದು ಕ್ಷಣ ಯೋಚಿಸಿದಳು. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟುಕೊಂಡು, ಅದನ್ನೇ ಕೊಡಿ ಎಂದಳು.

ತಮ್ಮ ಹೊಸದರಲ್ಲಿ ಆಟ ಶುರು ಮಾಡಿದ. ಬೆಟ್ಟಗಳು ಮಂಜು ಮುಸುಕಿದಂತೆ ನಿಂತಿದ್ದವು. ಮರಗಳು ಹತ್ತಿರ ಬಂದಾಗ ಮಾತ್ರ ಮರವಾಗುತ್ತಿದ್ದವು. ಜೊತೆಯವರು ಇರುವ ಕಡೆ ಹೋಗಲೋ ಬೇಡವೋ ಎಂದು ಅವನು ಒಂದೆರಡು ದಿನ ಒಬ್ಬನೇ ಓಡಿಸಿದ. ಮೂರನೆಯ ದಿನ ಹೆಡ್‌ಫೋನ್ ಬೇಡ, ಸ್ಪೀಕರೇ ಇರಲಿ ಎಂದು ಅಕ್ಕ ಹಟ ಹಿಡಿದು, ತಾನೂ ಪಕ್ಕದಲ್ಲಿ ಕೂತಳು. ಮೂರು ಲಾರಿಗಳು ರಸ್ತೆಬದಿಯ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದವು. ಇವನ ಲಾರಿ ಹೋಗಿ ಪಕ್ಕಕ್ಕೆ ನಿಂತಿತು. ಯಂತ್ರ ಮಾತ್ರ ಸುಯ್ಯೆಂದು ಊದಿ, ನಿಂತು, ಊದುತ್ತಿತ್ತು.

"ಏರ್ ಬ್ರೇಕ್ ಸರಿ ಆಯ್ತಾ ಕ್ಯಾಪ್ಟನ್?" ಎಂದ ಗೂಬೆ ಕಡೆಗೆ.

"ಆಯ್ತು," ಎಂದ ತಮ್ಮ. ಆಮೇಲೆ ಉಸಿರು ಕೂಡಿಸಿಕೊಂಡು, "ಆದರೆ ಬಹಳ ದಿನ ಬಾಳಿಕೆ ಬರಲ್ಲಂತೆ," ಎಂದ.

"ಸರಿ," ಎಂದ ಗೂಬೆ. "ಹಾಗಾದ್ರೆ ಇವತ್ತು ಉದ್ದದ ದಾರೀಲೇ ಹೋಗೋಣ. ನಡಿ, ಮುಂದೆ ನೀನೇ. ಅಡ್ಡ ಬಂದ್ರೆ ಬೈತೀನಿ."

ಎಡಗೈಯ ಎರಡು ಬೆರಳೂ ಆ ಋತು ಕಳೆಯುವುದರೊಳಗೆ ಸುಮ್ಮನಾದವು. ಬ್ರೇಕಿನ ಕೀ ಎಡಗಡೆ ಇತ್ತು. ಜೀವಮಾನದಲ್ಲಿ ಸೈಕಲ್ ಕೂಡ ಓಡಿಸದ ಮೂಗಿನಕ್ಕ ಅಂಗಡಿಯಿಂದ ಬಂದು ಮುಖ ತೊಳೆದು, ತಮ್ಮನ ಎಡಗೈ ಆಗಿ ಕೂರತೊಡಗಿದಳು. "ಬ್ರೇಕು" ಎಂದರೆ ಒತ್ತುವುದು, "ಬಿಡು" ಎಂದರೆ ಬಿಡುವುದು. ಮೊದಮೊದಲು ತಡವಾಗಿ ಒತ್ತಿ ಬೇಲಿಗೆ ಗುದ್ದಿಸಿದಳು. ಗೂಬೆ ಅವಳನ್ನೂ ಬೈಯತೊಡಗಿದ, "ಅಕ್ಕ, ನಿಮಗೆ ಲೈಸೆನ್ಸ್ ಕೊಟ್ಟೋನು ಯಾವನು?" ಎಂದು. ಅಮ್ಮ ಅಡುಗೆಮನೆಯಿಂದಲೇ, "ನನ್ನ ಮಗಳನ್ನ ಬೈಬೇಡಪ್ಪ," ಎನ್ನುವಳು. ಒಂದಿಷ್ಟು ಕಾಲ ಆ ಕೋಣೆಯಲ್ಲಿ ನಗು ಇತ್ತು. ಬಾಗಿಲು ಈಗ ಯಾವತ್ತೂ ತೆರೆದೇ ಇರುತ್ತಿತ್ತು.

ಆದರೆ ಕಾಯಿಲೆ ನಿಂತಿರಲಿಲ್ಲ. ಬಲಗೈಯಿಂದ ಭುಜಕ್ಕೆ, ಭುಜದಿಂದ ಕುತ್ತಿಗೆಗೆ ಹೋಗುತ್ತಿತ್ತು. ಅಕ್ಕ ಮೊದಲು ಗಮನಿಸಿದ್ದು ರ ಎಂಬ ಅಕ್ಷರವನ್ನು. ತಮ್ಮ "ಬ್ರೇಕು" ಎಂದರೆ ಅದು "ಬೇಕು" ಎಂದು ಕೇಳಿಸುತ್ತಿತ್ತು. ಅಂಗಡಿಯಲ್ಲಿ ಗಿರಾಕಿಯ ಮುಂದೆ ಕನ್ನಡಕ ಹಿಡಿದು ನಿಂತವಳು ಇದ್ದಕ್ಕಿದ್ದ ಹಾಗೆ ಮನಸ್ಸಿನಲ್ಲೇ ಅವನ ಮಾತುಗಳನ್ನು ಒಂದೊಂದಾಗಿ ಹೇಳಿ ನೋಡಿಕೊಳ್ಳುವಳು, ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು. ಇದನ್ನು ಅವಳು ಅಮ್ಮನಿಗೆ ಹೇಳಲಿಲ್ಲ. ಅಮ್ಮನೂ ಅವಳಿಗೆ ಹೇಳಲಿಲ್ಲ. ಇಬ್ಬರೂ ಅವನು ಹೇಳಿದ್ದನ್ನು, ಹಾಗೆ ಮಾಡಿ ಎಂದು ಅವನು ಕೇಳದಿದ್ದರೂ, ಜೋರಾಗಿ ಒಮ್ಮೆ ತಿರುಗಿ ಹೇಳುವ ಅಭ್ಯಾಸ ಮಾಡಿಕೊಂಡರು.

ಒಂದು ಇಳಿಹೊತ್ತು. ಕಿಟಕಿಯಿಂದ ಬಂದ ಬಿಸಿಲು ಮಂಚದ ಕಾಲುಗಳ ಮೇಲೆ ಬಿದ್ದಿತ್ತು. ಬೆಟ್ಟದ ರಸ್ತೆ, ಮುಂದೆ ತಿರುವು. ತಮ್ಮ ಏನೋ ಹೇಳಿದ.

"ಏನು?" ಎಂದಳು ಅಕ್ಕ.

ಅವನು ಅದನ್ನು ಮತ್ತೆ ಹೇಳಿದ. ಅದು "ಬ್ರೇಕು" ಅಲ್ಲ, "ಬಿಡು" ಅಲ್ಲ. ಇನ್ನೂ ಉದ್ದವಾದದ್ದೇನೋ. ತಿರುವು ಹತ್ತಿರ ಬರುತ್ತಿತ್ತು. ಅವಳು ತಾನಾಗಿಯೇ ಬ್ರೇಕ್ ಒತ್ತಿದಳು. ಲಾರಿ ಪ್ರಪಾತದ ಅಂಚಿನಲ್ಲಿ ನಿಂತಿತು. ಹಿಂದೆ ಬರುತ್ತಿದ್ದ ಮೂರೂ ಒಂದರ ಹಿಂದೆ ಒಂದು ಬಂದು ನಿಂತವು.

"ಏನಂದ ಅಕ್ಕ?" ಗೂಬೆ ಕೇಳಿದ.

"ಗೊತ್ತಾಗಲಿಲ್ಲ."

"ನಮಗೂ ಗೊತ್ತಾಗಲಿಲ್ಲ."

ಯಾರೂ ಬೈಯಲಿಲ್ಲ. ಕೋಣೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಆರಿಸಿ ಆರಿಸಿ ತಂದ ಲ್ಯಾಪ್‌ಟಾಪು ಬೆಕ್ಕು ಮಲಗಿದಷ್ಟು ಮೆತ್ತಗಿತ್ತು. ಯಂತ್ರ ಊದುವುದು, ಬಿಡುವುದು, ಮಾಸ್ಕಿನ ಅಂಚಿನಲ್ಲಿ ಗಾಳಿ ಎಳೆಯಷ್ಟು ಸೋರುವುದು, ತಮ್ಮನ ಗಂಟಲಿನಲ್ಲಿ ಎಂಜಲು ಇಳಿಯುವುದು ಎಲ್ಲವೂ ಅವಳಿಗೆ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮನ ಬಳೆಯ ಸದ್ದೂ ನಿಂತಿತ್ತು. ಅಲ್ಲಿಂದ ಅವಳೂ ಕಿವಿಗೊಟ್ಟಿದ್ದಳು.

ತಮ್ಮ ಅವಳನ್ನೇ ನೋಡುತ್ತಿದ್ದ. ಅವಳು ಬ್ರೇಕಿನಿಂದ ಬೆರಳು ತೆಗೆಯದೆ, ಬಗ್ಗಿ, ಕಿವಿಯನ್ನು ಅವನ ಬಾಯಿಗೆ ಮುಟ್ಟುವಷ್ಟು ಹತ್ತಿರ ತಂದಳು.

"ಇನ್ನೊಂದು ಸಲ ಹೇಳು," ಎಂದಳು.